ಇಪ್ಪತ್ತೈದು ವರ್ಷ ಇದ್ದವರಿಗೂ ‘ಹೊರಡಿ’ ಅನ್ನಬೇಕಾ?

ಪ್ರಶ್ನೆ: ನನ್ನ ತಮ್ಮ 2001ರಲ್ಲಿ ಹೆಂಡತಿ ಮತ್ತು ಮೂರು ವರ್ಷದ ಮಗಳ ಜೊತೆ ಟೂರಿಸ್ಟ್ ವೀಸಾದಲ್ಲಿ ಅಮೆರಿಕಕ್ಕೆ ಹೋದ. ಆರು ತಿಂಗಳಿಗೆ ಬರಬೇಕಿತ್ತು, ಬರಲಿಲ್ಲ. ನ್ಯೂಜೆರ್ಸಿಯ ಒಂದು ಹೋಟೆಲಿನಲ್ಲಿ ಅಡುಗೆ ಕೆಲಸ. ಮಗ ಅಲ್ಲೇ ಹುಟ್ಟಿದ, 2005ರಲ್ಲಿ. ಅವನಿಗೆ ಈಗ 21 ತುಂಬಿದೆ. ಮಗಳಿಗೆ ‘ಡಾಕಾ’ ಅಂತ ಏನೋ ಕಾಗದ ಇದೆಯಂತೆ. ಅಮ್ಮನಿಗೆ 84 ವರ್ಷ. ‘ಅವನನ್ನು ಒಮ್ಮೆ ಕಣ್ಣಲ್ಲಿ ನೋಡಬೇಕು’ ಅಂತ ದಿನಾ ಹೇಳುತ್ತಾರೆ. ‘ಹಿಡಿದು ಕಳಿಸುವ ಮೊದಲು ನಾನೇ ಬಂದುಬಿಡುತ್ತೇನೆ’ ಅಂತ ತಮ್ಮ ಹೊರಟಿದ್ದಾನೆ. ಯಾರಿಗೂ ತೊಂದರೆ ಕೊಡದೆ ಇಷ್ಟು ವರ್ಷ ದುಡಿದವರನ್ನು ಓಡಿಸುವುದು ನ್ಯಾಯವಾ? ನಮ್ಮ ಯಜಮಾನರು ಮಾತ್ರ, ‘ಕಾನೂನು ಅಂದ್ರೆ ಕಾನೂನು. ಮಲ್ಪೆ ಹತ್ತಿರ ಬಾಂಗ್ಲಾದವರು ಸಿಕ್ಕಿದಾಗ ಎಲ್ಲರನ್ನೂ ಓಡಿಸಬೇಕು ಅಂದವಳು ನೀನೇ ಅಲ್ವಾ?’ ಅನ್ನುತ್ತಾರೆ. ನನಗೆ ಉತ್ತರ ಹೊಳೆಯಲಿಲ್ಲ.
— ಹೆಸರು ಬೇಡ, ಕಟಪಾಡಿ

ಉತ್ತರ: ನ್ಯಾಯದ ಮಾತು ಆಮೇಲೆ. ಮೊದಲು ತಮ್ಮನಿಗೆ ಫೋನ್ ಮಾಡಿ, ಟಿಕೆಟ್ ತೆಗೆಯಬೇಡ ಅಂತ ಹೇಳಿ. ಇವತ್ತೇ ಹೇಳಿ.

ನಾನು ಅಮೆರಿಕದ ವಕೀಲ ಅಲ್ಲ. ಆದರೆ ಮಂಗಳೂರಿನಲ್ಲಿ ಕೂತು ಈ ಕರಾವಳಿಯ ಮನೆಗಳ ವೀಸಾ ಕಾಗದ ನೋಡುತ್ತಾ ಮೂವತ್ತು ವರ್ಷ ಆಯಿತು. ಅವಸರದಲ್ಲಿ ವಿಮಾನ ಹತ್ತಿ ಕೆಟ್ಟವರನ್ನು ಸಾಕಷ್ಟು ನೋಡಿದ್ದೇನೆ. ಅಮೆರಿಕದಲ್ಲಿ 1996ರ ಒಂದು ಕಾನೂನಿದೆ. ವಾಯಿದೆ ಮುಗಿದ ಮೇಲೂ ಒಂದು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಅಲ್ಲಿ ಉಳಿದವರು ದೇಶ ಬಿಟ್ಟು ಹೊರಟರೆ, ಮತ್ತೆ ಹತ್ತು ವರ್ಷ ಒಳಗೆ ಬರುವಂತಿಲ್ಲ. ಅಲ್ಲೇ ಇರುವಷ್ಟು ದಿನ ಈ ತಡೆ ಬೀಳುವುದಿಲ್ಲ, ಹೊರಗೆ ಕಾಲಿಟ್ಟ ದಿನ ಬೀಳುತ್ತದೆ. ವಿಚಿತ್ರ ಅಲ್ವಾ? ವಾಯಿದೆ ಮೀರಿ ಯಾರೂ ಉಳಿಯಬಾರದು ಅಂತ ಮಾಡಿದ ಕಾನೂನು, ಉಳಿದವರನ್ನು ಅಲ್ಲೇ ಕಟ್ಟಿಹಾಕಿದೆ. ಅಪ್ಪನ ಬೊಜ್ಜವನ್ನು, ಅಂದರೆ ಉತ್ತರಕ್ರಿಯೆಯನ್ನು, ವಿಡಿಯೊ ಕಾಲ್‌ನಲ್ಲಿ ನೋಡಿದ ಮಕ್ಕಳು ನನಗೆ ಗೊತ್ತಿದ್ದಾರೆ.

ನಿಮ್ಮ ಪತ್ರದಲ್ಲಿ ನೀವು ಸುಮ್ನೆ ಬರೆದುಬಿಟ್ಟ ಒಂದು ಸಂಗತಿ ಇದೆ: ಹುಡುಗನಿಗೆ 21 ತುಂಬಿದೆ. ಇಡೀ ಪತ್ರದಲ್ಲಿ ದೊಡ್ಡ ವಿಷಯ ಅದೇ. ಅವನು ಹುಟ್ಟಿನಿಂದ ಅಮೆರಿಕದ ಪ್ರಜೆ. ಹುಟ್ಟಿನ ಪೌರತ್ವಕ್ಕೆ ಕತ್ತರಿ ಹಾಕಲು 2025ರ ಜನವರಿಯಲ್ಲಿ ಟ್ರಂಪ್ ಹೊರಡಿಸಿದ ಆದೇಶ ಅದಕ್ಕೂ ಮೊದಲು ಹುಟ್ಟಿದವರನ್ನು ಮುಟ್ಟುವುದಿಲ್ಲ. 21 ದಾಟಿದ ಪ್ರಜೆ ತನ್ನ ಅಪ್ಪ ಅಮ್ಮನಿಗೆ ಗ್ರೀನ್ ಕಾರ್ಡ್ ಕೇಳಬಹುದು. ಈ ವರ್ಗಕ್ಕೆ ವರ್ಷಕ್ಕೆ ಇಷ್ಟೇ ಅನ್ನುವ ಮಿತಿ ಇಲ್ಲ. ಪಕ್ಕದ ಮನೆಯ ಹುಡುಗ ಎಚ್-1ಬಿ ಅನ್ನುವ ಕೆಲಸದ ವೀಸಾದಲ್ಲಿದ್ದು ಗ್ರೀನ್ ಕಾರ್ಡಿಗೆ ವರ್ಷಗಟ್ಟಲೆ ಕ್ಯೂ ನಿಂತಿದ್ದಾನಲ್ಲ, ಅವನ ಜಾಗವನ್ನು ನಿಮ್ಮ ತಮ್ಮ ಕಸಿದುಕೊಂಡಂತೆ ಆಗುವುದೂ ಇಲ್ಲ. ಅದು ಬೇರೆ ಸಾಲು.

ಇನ್ನೊಂದು ಅನುಕೂಲವೂ ಇದೆ. ತಮ್ಮ ಹೋದದ್ದು ವಿಮಾನ ನಿಲ್ದಾಣದ ಬಾಗಿಲಿನಿಂದ, ಅಧಿಕಾರಿ ಸೀಲ್ ಹಾಕಿದ ಪಾಸ್‌ಪೋರ್ಟ್ ಹಿಡಿದು. ಹಾಗೆ ಒಳಗೆ ಹೋದವರು, ಅರ್ಜಿ ಹಾಕುವುದು 21 ದಾಟಿದ ಮಗ ಆದರೆ, ದೇಶ ಬಿಡದೆ ಅಲ್ಲೇ ಗ್ರೀನ್ ಕಾರ್ಡ್ ಪಡೆಯಬಹುದು. ವಾಯಿದೆ ಮೀರಿ ಉಳಿದದ್ದು, ಪರವಾನಗಿ ಇಲ್ಲದೆ ದುಡಿದದ್ದು ಎರಡೂ ಅದಕ್ಕೆ ಅಡ್ಡ ಬರುವುದಿಲ್ಲ. ಮೆಕ್ಸಿಕೊ ಗಡಿಯಿಂದ ‘ಡಂಕಿ’ ದಾರಿಯಲ್ಲಿ ನುಸುಳಿದವರಿಗೆ ಈ ಸೌಲಭ್ಯ ಸಾಮಾನ್ಯವಾಗಿ ಇಲ್ಲ.

ಆಗ ಪಾಸ್‌ಪೋರ್ಟಿಗೆ ಒಂದು ಸಣ್ಣ ಬಿಳಿ ಚೀಟಿ ಪಿನ್ ಹೊಡೆದು ಕೊಡುತ್ತಿದ್ದರು, ಐ-94 ಅಂತ. ಕ್ರಮವಾಗಿ ಒಳಗೆ ಬಂದದ್ದಕ್ಕೆ ಅದೇ ದಾಖಲೆ. ಅಂಗೈಯಷ್ಟು ಅಗಲ ಇರುತ್ತಿತ್ತು. ಅದು ಇದೆಯಾ ಅಂತ ಕೇಳಿ. ಹಳೆ ಪಾಸ್‌ಪೋರ್ಟ್ ಎಸೆಯಬೇಡ ಅನ್ನಿ. ಇನ್ನೆರಡು ಪ್ರಶ್ನೆ ಕೇಳಲೇಬೇಕು. ಕೆಲಸಕ್ಕೆ ಸೇರುವಾಗ ಯಾವುದಾದರೂ ಫಾರಂನಲ್ಲಿ ‘ನಾನು ಅಮೆರಿಕದ ಪ್ರಜೆ’ ಅನ್ನುವ ಚೌಕಕ್ಕೆ ಗುರುತು ಹಾಕಿದ್ದಾನಾ? ಹಾಕಿದ್ದರೆ ಕಷ್ಟ. ವಾಯಿದೆ ಮೀರಿ ಉಳಿದದ್ದನ್ನು ಆ ದೇಶ ಮನ್ನಿಸುತ್ತದೆ, ಆ ಒಂದು ಗುರುತನ್ನು ಸುಲಭಕ್ಕೆ ಮನ್ನಿಸುವುದಿಲ್ಲ. ಹಿಂದೆ ಯಾವಾಗಾದರೂ ಕೋರ್ಟಿನಿಂದ ಗಡೀಪಾರು ಆದೇಶ ಆಗಿತ್ತಾ? ಆಗಿದ್ದರೆ ಮೊದಲು ಅದನ್ನು ಬಿಡಿಸಿಕೊಳ್ಳಬೇಕು. ಈ ಎರಡರ ಉತ್ತರ ತಿಳಿಯದೆ ಅರ್ಜಿ ಹಾಕಬಾರದು. ಅರ್ಜಿ ಹಾಕಿದ ಮಾತ್ರಕ್ಕೆ ಯಾರೂ ಹಿಡಿಯುವುದಿಲ್ಲ ಅಂತಲೂ ಅಲ್ಲ. ಸಂದರ್ಶನಕ್ಕೆ ಅಲ್ಲಿನ ವಕೀಲರನ್ನು ಜೊತೆಗೆ ಕರೆದುಕೊಂಡೇ ಹೋಗಲಿ. ‘ಎಲ್ಲ ನಾವು ಮಾಡಿಸಿಕೊಡ್ತೇವೆ’ ಅನ್ನುವ ಏಜೆಂಟರ ಕೈಗೆ ಒಂದು ಡಾಲರ್ ಕೊಡುವುದೂ ಬೇಡ.

ಮಗಳ ಕಥೆ ಬೇರೆ. ಬರೆಯುವಾಗಲೇ ಬೇಜಾರಾಗುತ್ತದೆ. ಮೂರು ವರ್ಷದ ಮಗು ಯಾವ ಕಾನೂನು ಮುರಿದೀತು? ಆದರೂ ತಮ್ಮನಾದವನು ಅಪ್ಪ ಅಮ್ಮನಿಗೆ ತೆಗೆಸಿಕೊಡುವ ಕಾರ್ಡ್ ಅಕ್ಕನಿಗೆ ಸಿಗುವುದಿಲ್ಲ. ಒಡಹುಟ್ಟಿದವರ ಸಾಲು ದಶಕ ದಾಟುತ್ತದೆ. ಡಾಕಾ ಅನ್ನುವುದು 2012ರ ಜೂನ್ 15ರಂದು ಒಬಾಮ ಸರಕಾರ ತಂದದ್ದು. 16 ತುಂಬುವ ಮೊದಲು ಬಂದು, 2007ರಿಂದ ಅಲ್ಲೇ ಇದ್ದ ಮಕ್ಕಳಿಗೆ ಎರಡೆರಡು ವರ್ಷದ ರಕ್ಷಣೆ, ಜೊತೆಗೆ ದುಡಿಯುವ ಪರವಾನಗಿ. ಅಷ್ಟೇ. ಅದರಿಂದ ಗ್ರೀನ್ ಕಾರ್ಡ್ ಇಲ್ಲ. ತಪ್ಪು ಮಾಡಿದ ಅಪ್ಪ ಅಮ್ಮನಿಗೆ ದಾರಿ ಇದೆ, ಸೊಂಟದ ಮೇಲೆ ಕೂತು ಹೋದ ಮಗಳಿಗೆ ಇಲ್ಲ. ನವೀಕರಣದ ತಾರೀಖು ಒಂದು ದಿನವೂ ತಪ್ಪದಂತೆ ನೋಡಿಕೊಳ್ಳಲಿ. ಬೇರೆ ದಾರಿ ಇದೆಯಾ ಅಂತ ಅವಳಿಗಾಗಿ ಪ್ರತ್ಯೇಕವಾಗಿ ವಕೀಲರನ್ನು ಕೇಳಿ.

ಈಗ ನಿಮ್ಮ ಯಜಮಾನರ ಮಾತು. ಬೇಸರ ಮಾಡಿಕೊಳ್ಳಬೇಡಿ, ಅವರು ಕೇಳಿದ್ದು ಸರಿಯಾಗಿಯೇ ಇದೆ. ಉತ್ತರ ಮಾತ್ರ ಅವರು ಅಂದುಕೊಂಡದ್ದಲ್ಲ.

ನಮ್ಮ ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆಗಳಲ್ಲಿ ‘ಅಕ್ರಮ-ಸಕ್ರಮ’ ಅನ್ನುವ ಪದ ಕೇಳದ ಮನೆ ಇದೆಯಾ? ಸರಕಾರಿ ಗುಡ್ಡ ಅಗೆದು ಅಡಿಕೆ ಸಸಿ ನೆಟ್ಟವರು ನಮೂನೆ 50, ಆಮೇಲೆ 53, ಆಮೇಲೆ 57 ಅಂತ ಅರ್ಜಿ ಕೊಟ್ಟರು. ಸಮಿತಿಯ ಬೈಠಕ್ ಕೂತಿತು. ಎಷ್ಟು ವರ್ಷದ ಸಾಗುವಳಿ, ಬೇರೆ ಜಮೀನು ಎಷ್ಟಿದೆ ಅಂತ ಕಡತ ತಿರುವಿದರು, ಮಂಜೂರು ಮಾಡಿದರು. ಬೇಲಿ ಹಾಕಿದ್ದು ಸರಿ ಅಂತ ಯಾರೂ ಹೇಳಲಿಲ್ಲ. ಫಲ ಕೊಡುತ್ತಿರುವ ತೋಟವನ್ನು ಈಗ ಕಡಿಯುವುದು ಬೇಡ, ಶುಲ್ಕ ಕಟ್ಟಿಸಿಕೊಂಡು ಪತ್ರ ಮಾಡಿಕೊಡೋಣ ಅಂದರು. ಮಣ್ಣಿನ ವಿಷಯದಲ್ಲಿ ಕಾಲಕ್ಕೆ ಬೆಲೆ ಇದೆ ಅಂತ ನಾವು ಒಪ್ಪಿದ್ದೇವೆ. ಮನುಷ್ಯರ ವಿಷಯ ಬಂದಾಗ ‘ಕಾನೂನು ಅಂದ್ರೆ ಕಾನೂನು’ ಆಗುತ್ತದೆ.

ಅಮೆರಿಕದವರೂ ಒಂದು ಕಾಲದಲ್ಲಿ ಹೀಗೇ ಯೋಚಿಸಿದ್ದರು. 1929ರಲ್ಲೇ ಅಲ್ಲೊಂದು ನಿಯಮ ಬಂತು. ಇಂಥ ತಾರೀಖಿಗೆ ಮೊದಲು ಬಂದು ಇಲ್ಲೇ ನೆಲೆಸಿದ್ದಾರಾ, ನಡತೆ ಚೆನ್ನಾಗಿದೆಯಾ, ಹಾಗಿದ್ದರೆ ಕಾಗದ ಕೊಡೋಣ ಅಂತ. ತಾರೀಖನ್ನು ಆಗಾಗ ಮುಂದಕ್ಕೆ ತಂದರು. ಕೊನೆಯ ಸಲ ತಂದದ್ದು 1986ರಲ್ಲಿ, 1972ರ ಜನವರಿ 1ಕ್ಕೆ. ಇವತ್ತಿಗೂ ಅಲ್ಲೇ ನಿಂತಿದೆ. ಅದೇ 1986ರಲ್ಲಿ ಅಧ್ಯಕ್ಷ ರೇಗನ್ ಸಹಿ ಹಾಕಿದ ಕಾನೂನಿನಿಂದ ಸುಮಾರು 27 ಲಕ್ಷ ಜನ ಸಕ್ರಮರಾದರು. ಆಮೇಲೆ ಅಷ್ಟು ದೊಡ್ಡದು ಯಾವುದೂ ಆಗಿಲ್ಲ. ಈಗ ಅಲ್ಲಿ ಗಡೀಪಾರು ಕೋರ್ಟಿನ ಮುಂದೆ ನಿಂತವನು ಹತ್ತು ವರ್ಷದ ವಾಸ ತೋರಿಸಬೇಕು. ತನ್ನನ್ನು ಕಳಿಸಿದರೆ ಅಲ್ಲಿನ ಪ್ರಜೆ ಅಥವಾ ಗ್ರೀನ್ ಕಾರ್ಡ್ ಇರುವ ಗಂಡ, ಹೆಂಡತಿ, ಮಗು, ಅಪ್ಪ ಅಮ್ಮನಿಗೆ ತೀರಾ ಅಸಾಮಾನ್ಯ ಕಷ್ಟ ಆಗುತ್ತದೆ ಅಂತಲೂ ತೋರಿಸಬೇಕು. ಎಲ್ಲ ತೋರಿಸಿದರೂ ವರ್ಷಕ್ಕೆ 4,000 ಮಂದಿಗೆ ಮಾತ್ರ ಅವಕಾಶ. 21 ದಾಟಿದ ಮಗ ಅಲ್ಲಿ ‘ಮಗು’ ಲೆಕ್ಕಕ್ಕೆ ಬರುವುದಿಲ್ಲ. ಕಟಪಾಡಿಯ ಅಮ್ಮನ ಕಷ್ಟ ಲೆಕ್ಕಕ್ಕೇ ಇಲ್ಲ.

‘ಒಮ್ಮೆ ಮಾಫಿ ಕೊಟ್ಟರೆ ನಾಳೆ ಇನ್ನಷ್ಟು ಜನ ಬರುತ್ತಾರೆ’ ಅನ್ನುವ ವಾದವನ್ನು ತಳ್ಳಿಹಾಕುವಂತಿಲ್ಲ. 1986ರ ನಂತರವೂ ಅಲ್ಲಿ ಕಾಗದ ಇಲ್ಲದೆ ಬರುವವರು ನಿಲ್ಲಲಿಲ್ಲ. ನಮ್ಮಲ್ಲೂ ಹೊಸ ನಮೂನೆ ಬರುತ್ತದಂತೆ ಅಂತ ಸುದ್ದಿ ಆದರೆ ಸಾಕು, ಬೇಲಿ ಎರಡು ಮಾರು ಮುಂದೆ ಹೋಗಿರುತ್ತದೆ. ಆದರೆ ಇದು ಬಾಗಿಲು ಕಾಯುವವರು ಕೇಳಿಸಿಕೊಳ್ಳಬೇಕಾದ ಮಾತು. ಕಡಿಮೆ ಸಂಬಳಕ್ಕೆ ಸಿಗುತ್ತಾರೆ ಅಂತ ಕಾಗದ ನೋಡದೆ ಕೆಲಸಕ್ಕೆ ಇಟ್ಟುಕೊಳ್ಳುವವರೂ ಕೇಳಬೇಕು. 2025ರ ಫೆಬ್ರವರಿ 5ರಂದು ಅಮೆರಿಕದ ಮಿಲಿಟರಿ ವಿಮಾನದಲ್ಲಿ 104 ಭಾರತೀಯರು ಅಮೃತಸರಕ್ಕೆ ಬಂದಿಳಿದರು. ಗಡಿ ದಾಟುವಾಗಲೇ ಸಿಕ್ಕಿದವರನ್ನು ವಾಪಸ್ ಕಳಿಸುವುದು ತಪ್ಪು ಅಂತ ನಾನು ಹೇಳುವುದಿಲ್ಲ. ದಾರಿಯುದ್ದಕ್ಕೂ ಕೈಗೆ ಕೋಳ, ಕಾಲಿಗೆ ಸರಪಳಿ ಹಾಕಿದ್ದು ತಪ್ಪು. ಮೊನ್ನೆ ಗಡಿಯಲ್ಲಿ ಸಿಕ್ಕವನೂ ಇಪ್ಪತ್ತೈದು ವರ್ಷ ಅಲ್ಲಿ ದೋಸೆ ಹುಯ್ದವನೂ ಒಂದೇ ಅಂದರೆ ಮಾತ್ರ ನಾನು ಒಪ್ಪುವುದಿಲ್ಲ. ಹತ್ತು ವರ್ಷ ದಾಟಿದವರು, ದೊಡ್ಡ ಅಪರಾಧ ಇಲ್ಲದವರು, ಮಕ್ಕಳು ಅಲ್ಲಿನ ಶಾಲೆಯಲ್ಲಿ ಬೆಳೆದವರು ದಂಡ ಕಟ್ಟಿ ಇರಲಿ. ಓಟಿನ ಹಕ್ಕು ತಕ್ಷಣ ಕೊಡದಿದ್ದರೂ ನಡೆಯುತ್ತದೆ.

ಇನ್ನು ಮಲ್ಪೆಗೆ ಬನ್ನಿ. ಇಲ್ಲಿ ನಿಮಗೂ ಸ್ವಲ್ಪ ಚುಚ್ಚಬಹುದು. ಅದೇ ಅಳತೆಗೋಲನ್ನು ಇಲ್ಲೂ ಇಡಬೇಕು, ಅಲ್ವಾ? ಇಟ್ಟು ನೋಡಿದರೆ ನಮ್ಮ ಕಾನೂನು ಅಮೆರಿಕದ್ದಕ್ಕಿಂತ ಗಟ್ಟಿ. 2004ರ ಡಿಸೆಂಬರ್ 3ರ ನಂತರ ಇಲ್ಲಿ ಹುಟ್ಟಿದ ಮಗುವಿನ ಅಪ್ಪ ಅಮ್ಮನಲ್ಲಿ ಒಬ್ಬರು ಅಕ್ರಮ ವಲಸಿಗರಾಗಿದ್ದರೂ ಮಗು ಹುಟ್ಟಿನಿಂದ ಭಾರತದ ಪ್ರಜೆ ಆಗುವುದಿಲ್ಲ. ನಿಮ್ಮ ಅಳಿಯ ಹುಟ್ಟಿದ್ದು 2005. ಅವನ ಅಪ್ಪ ಅಮ್ಮನಂತೆ ಕಾಗದ ಇಲ್ಲದೆ ಉಳಿದವರಿಗೆ ಅದೇ ವರ್ಷ ಉಡುಪಿಯಲ್ಲಿ ಒಂದು ಮಗು ಹುಟ್ಟಿ, ಇಲ್ಲೇ ಬೆಳೆದು, ತುಳುವಿನಲ್ಲಿ ಜಗಳ ಆಡುವಷ್ಟು ದೊಡ್ಡದಾಗಿದ್ದರೂ ಅದಕ್ಕೆ ಸಾಮಾನ್ಯವಾಗಿ ಯಾವ ದಾರಿಯೂ ಇಲ್ಲ. 2014ರ ಡಿಸೆಂಬರ್ 31ರ ಒಳಗೆ ಬಂದ ಬಾಂಗ್ಲಾ, ಪಾಕಿಸ್ತಾನ, ಅಫ್ಘಾನಿಸ್ತಾನದ ಮುಸ್ಲಿಮೇತರರಿಗೆ ಪೌರತ್ವ ಕಾಯ್ದೆಯ 2019ರ ತಿದ್ದುಪಡಿ ಬಾಗಿಲು ತೆರೆದಿದೆ. ಅಸ್ಸಾಮಿಗೆ 1971ರ ಮಾರ್ಚ್ 25ರ ಗೆರೆ ಇದೆ, ಅದಕ್ಕೂ ಮೊದಲು ಬಂದವರಿಗೆ ಪೌರತ್ವದ ದಾರಿ ಇದೆ. ಅಂದರೆ ತಾರೀಖು ಹಾಕಿ ಸಕ್ರಮ ಮಾಡುವುದು ನಮಗೂ ಹೊಸದಲ್ಲ. ಯಾರಿಗೆ ಅನ್ನುವುದರಲ್ಲಿ ತಕರಾರು.

ಹಾಗೆ ಬಂದವರು ನಕಲಿ ಆಧಾರ್ ಮಾಡಿಸಿದ್ದರೆ ಅದು ಬೇರೆಯೇ ಅಪರಾಧ. ಅದಕ್ಕೆ ಶಿಕ್ಷೆ ಆಗಲಿ, ಮಾಡಿಸಿಕೊಟ್ಟವನಿಗೆ ಮೊದಲು ಆಗಲಿ. ಆದರೆ ಇಪ್ಪತ್ತು ವರ್ಷದಿಂದ ಇರುವ ಕುಟುಂಬ ಅಂತ ಸಾಬೀತಾದರೆ ಅವರಿಗೂ ನಿಮ್ಮ ತಮ್ಮನಿಗೆ ಇರುವಂಥ ಒಂದು ಕಿಟಕಿ ಬೇಕು ಅಂತ ನನ್ನ ಅಭಿಪ್ರಾಯ. ಜನ ಮೆಚ್ಚುವ ಮಾತಲ್ಲ, ಗೊತ್ತು. ಇನ್ನೊಂದು ಮಾತು: ಬಂಗಾಳಿ ಮಾತಾಡುವವರೆಲ್ಲ ಬಾಂಗ್ಲಾದವರಲ್ಲ. 2025ರಲ್ಲಿ ದೆಹಲಿಯಲ್ಲಿ ಹಿಡಿದು ಬಾಂಗ್ಲಾದೇಶಕ್ಕೆ ಕಳಿಸಿದ್ದ ಪಶ್ಚಿಮ ಬಂಗಾಳ ಮೂಲದ ಗರ್ಭಿಣಿಯೊಬ್ಬರನ್ನು ಅದೇ ಡಿಸೆಂಬರಿನಲ್ಲಿ, ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋದ ಮೇಲೆ, ವಾಪಸ್ ಕರೆತರಬೇಕಾಯಿತು. ವಿಚಾರಣೆ ಇಲ್ಲದೆ ಗಡಿ ದಾಟಿಸುವುದು ಯಾಕೆ ಬೇಡ ಅನ್ನುವುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಹುಡುಕಬೇಕಾಗಿಲ್ಲ.

‘ವಾಪಸ್ ಊರಿಗೆ’ ಅನ್ನುವ ಮಾತಿನ ಅರ್ಥ ನನಗೆ ತಿಳಿದದ್ದು ಸುಳ್ಯದಲ್ಲಿ. ತುಂಬ ಹಿಂದೆ ಒಂದು ಜಾತಿ ಸರ್ಟಿಫಿಕೇಟಿನ ಕೆಲಸಕ್ಕೆ ರಬ್ಬರ್ ತೋಟದ ಲೈನ್ ಮನೆಗೆ ಹೋಗಿದ್ದೆ. ಸಿಲೋನಿನಿಂದ, ಅಂದರೆ ಈಗಿನ ಶ್ರೀಲಂಕಾದಿಂದ ಬಂದ ತಮಿಳರು. ಅವರ ಅಜ್ಜಂದಿರನ್ನು ಚಹಾ ತೋಟಕ್ಕೆ ಒಯ್ದದ್ದು ಬ್ರಿಟಿಷರ ಕಾಲದಲ್ಲಿ. 1948ರ ಅಲ್ಲಿನ ಕಾನೂನು ಅವರನ್ನು ಪ್ರಜೆಗಳಲ್ಲ ಅಂದಿತು. 1964ರಲ್ಲಿ ನಮ್ಮ ಪ್ರಧಾನಿ ಶಾಸ್ತ್ರಿ ಮತ್ತು ಅಲ್ಲಿನ ಪ್ರಧಾನಿ ಸಿರಿಮಾವೊ ಕೂತು 5.25 ಲಕ್ಷ ಜನ ಭಾರತಕ್ಕೆ, 3 ಲಕ್ಷ ಜನ ಅಲ್ಲಿಗೆ ಅಂತ ಹಂಚಿಕೊಂಡರು. ಉಳಿದವರ ಲೆಕ್ಕ ಆಮೇಲೆ ಅಂದರು. ಹಾಗೆ ಬಂದವರಲ್ಲಿ ಸಾವಿರಾರು ಮಂದಿ ಸುಳ್ಯ, ಪುತ್ತೂರಿನ ರಬ್ಬರ್ ತೋಟಗಳಿಗೆ ಸೇರಿದರು. ಆ ಮನೆಯ ಅಜ್ಜಿ ತಗಡಿನ ಟ್ರಂಕಿನಿಂದ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸುತ್ತಿದ ಫ್ಯಾಮಿಲಿ ಕಾರ್ಡ್ ತೆಗೆದರು. ಇಡೀ ಮನೆಗೆ ಒಂದೇ ಫೋಟೊ. ಎರಡು ಜಡೆಯ ಒಂದು ಹುಡುಗಿಯ ಮೇಲೆ ಬೆರಳಿಟ್ಟು ಅದು ತಾನು ಅಂದರು. ಆ ಹುಡುಗಿ ಅದಕ್ಕೂ ಮೊದಲು ಭಾರತವನ್ನು ಕಂಡೇ ಇರಲಿಲ್ಲ. ಕಾಗದದಲ್ಲಿ ಮಾತ್ರ ‘ವಾಪಸಾತಿ’ ಅಂತ ಇತ್ತು. ಇಷ್ಟು ವರ್ಷದ ಮೇಲೂ ಅಕ್ಕಪಕ್ಕದವರಿಗೆ ಅವರು ‘ಸಿಲೋನಿನವರು’. ನಿಮ್ಮ ತಮ್ಮನ ಮಗಳನ್ನು ನಾಳೆ ಕಟಪಾಡಿಗೆ ತಂದು ಬಿಟ್ಟರೆ ಅವಳೂ ಕೊನೆಯವರೆಗೆ ‘ಅಮೆರಿಕದವಳು’ ಆಗಿಯೇ ಇರುತ್ತಾಳೆ.

ಗಲ್ಫ್ ಲೆಕ್ಕಾಚಾರ ಇದಕ್ಕೆ ಹೊಂದುವುದಿಲ್ಲ. ಯಾರಾದರೂ ‘ದುಬೈಯಲ್ಲಿ ಆಮ್ನೆಸ್ಟಿ ಬರ್ತದೆ, ಖಲ್ಲಿವಲ್ಲಿ ಆದವರೂ ದಂಡ ಇಲ್ಲದೆ ಬರ್ತಾರೆ, ನಿಮ್ಮ ತಮ್ಮನೂ ಹಾಗೆ ಬರಲಿ’ ಅಂದರೆ ಕಿವಿಗೆ ಹಾಕಿಕೊಳ್ಳಬೇಡಿ. (ಆಮ್ನೆಸ್ಟಿ ಅಂದರೆ ಕ್ಷಮಾದಾನ, ಖಲ್ಲಿವಲ್ಲಿ ಅಂದರೆ ಗಲ್ಫ್ ಮಾತಿನಲ್ಲಿ ಕಾಗದ ಇಲ್ಲದೆ ಉಳಿದವರು.) ಯುಎಇಯಲ್ಲಿ 2024ರ ಸೆಪ್ಟೆಂಬರಿನಿಂದ ಡಿಸೆಂಬರ್‌ವರೆಗೆ ಕೊಟ್ಟಿದ್ದರು, ನಿಜ. ದಂಡ ಇಲ್ಲ, ಮತ್ತೆ ಬರಲು ತಡೆಯೂ ಇಲ್ಲ. ಅಮೆರಿಕದ ಹತ್ತು ವರ್ಷದ ತಡೆಗೆ ಅಂಥ ರಿಯಾಯಿತಿ ಇಲ್ಲ.

ಇನ್ನು ಅಮ್ಮ. ಗ್ರೀನ್ ಕಾರ್ಡ್ ಅರ್ಜಿ ಹಾಕಿದ ಮೇಲೆ ಪ್ರಯಾಣಕ್ಕೆ ಮುಂಚಿತ ಅನುಮತಿ ಕೇಳಬಹುದು, ‘ಅಡ್ವಾನ್ಸ್ ಪರೋಲ್’ ಅನ್ನುತ್ತಾರೆ. ಈಗಿನ ಗಾಳಿ ನೋಡಿದರೆ ಅದನ್ನು ಹಿಡಿದು ಹೊರಡುವ ಮೊದಲೂ ವಕೀಲರನ್ನು ಕೇಳಲೇಬೇಕು. ಸಮಯವೂ ಹಿಡಿಯುತ್ತದೆ. ಆದರೆ ಮೊಮ್ಮಗನಿಗೆ ಯಾವ ತಡೆಯೂ ಇಲ್ಲ. ಅವನ ಕೈಯಲ್ಲಿ ಅಮೆರಿಕದ ಪಾಸ್‌ಪೋರ್ಟ್ ಇದೆ, ಆನ್‌ಲೈನ್‌ನಲ್ಲೇ ಭಾರತದ ವೀಸಾಕ್ಕೆ ಅರ್ಜಿ ಹಾಕಬಹುದು. ಅಪ್ಪ ಅಮ್ಮನ ಅರ್ಜಿಗೆ ಮೊದಲು ಸಹಿ ಹಾಕಲಿ, ಆಮೇಲೆ ಹೊರಡಲಿ. ಹದಿನೈದು ದಿನದ ಮಟ್ಟಿಗೆ ಬಂದರೂ ಸಾಕು. ಅಜ್ಜಿ ಅವನನ್ನು ಇಲ್ಲಿವರೆಗೆ ನೋಡಿದ್ದು ಫೋನಿನಲ್ಲೇ ತಾನೆ? ಹುಡುಗನಿಗೆ ಕನ್ನಡವೋ ತುಳುವೋ ಎಷ್ಟು ಬರುತ್ತದೋ ನೀವು ಬರೆದಿಲ್ಲ. ಬಾರದಿದ್ದರೆ ನಡುವೆ ಕೂತು ಮಾತು ದಾಟಿಸುವ ಕೆಲಸ ನಿಮ್ಮದೇ.