ಗಡಿ ದಾಟಿದ ಗಾಡಿ, ಬೆನ್ನಟ್ಟಿದ ದಂಡ
ಓದುಗರ ಪ್ರಶ್ನೆ – ನಮ್ಮ ಉತ್ತರ

ಹೊರರಾಜ್ಯದ ಫೈನ್, ಡಿಎಲ್, ಆರ್‌ಸಿ ಕುರಿತು ಬಂದ ಪತ್ರಗಳಲ್ಲಿ ಆಯ್ದವನ್ನು ಈ ಸಲ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ಕಾಸರಗೋಡಿಗೆ ಮದುವೆಗೆ ಹೋಗಿ ಬಂದ ವಾರಕ್ಕೆ, ಸೀಟ್ ಬೆಲ್ಟ್ ಹಾಕಿರಲಿಲ್ಲ ಎಂದು ಕೇರಳದಿಂದ ಮೆಸೇಜ್ ಬಂದಿದೆ. ನಮ್ಮದು ಕೆಎ–21 ಕಾರು. ಕಟ್ಟಲೇಬೇಕೇ? ಸುಮ್ಮನಿದ್ದರೆ ಏನಾಗುತ್ತದೆ? — ಸುಳ್ಯದ ಓದುಗರು

ಉತ್ತರ: ಮೊದಲು ಆ ಮೆಸೇಜ್ ಅಸಲಿಯೋ ಅಂತ ನೋಡಿ. ಚಲನ್ ಹೆಸರಿನಲ್ಲಿ ವಾಟ್ಸಾಪಿಗೆ ಎಪಿಕೆ ಫೈಲ್ (ಒತ್ತಿದರೆ ಫೋನಿಗೆ ಆ್ಯಪ್ ಇಳಿಸುವ ಫೈಲ್) ಕಳಿಸಿ ಬ್ಯಾಂಕ್ ಖಾತೆ ಬರಿದು ಮಾಡುವವರು ಬೇಕಾದಷ್ಟಿದ್ದಾರೆ. ಯಾವ ಪೊಲೀಸ್ ಇಲಾಖೆಯೂ ಎಪಿಕೆ ಕಳಿಸುವುದಿಲ್ಲ. ಮೆಸೇಜಿನ ಲಿಂಕ್ ಒತ್ತದೆ, ಕೇಂದ್ರದ ಪರಿವಾಹನ್ ಇ–ಚಲನ್ ಜಾಲತಾಣವನ್ನು ನೀವೇ ತೆರೆಯಿರಿ. ವಿಳಾಸದ ಕೊನೆಯಲ್ಲಿ 'ಗವ್ ಡಾಟ್ ಇನ್' ಇರಬೇಕು. ಗಾಡಿ ನಂಬರ್ ಜೊತೆಗೆ ಚಾಸಿಸ್ ಅಥವಾ ಎಂಜಿನ್ ನಂಬರಿನ ಕೊನೆಯ 5 ಅಂಕಿ ಹಾಕಿದರೆ ಚಲನ್ ಕಾಣುತ್ತದೆ. ಕ್ಯಾಮೆರಾ ತೆಗೆದ ಫೋಟೋವನ್ನೂ ತೆರೆದು ನೋಡಿ. ನಂಬರ್ ಪ್ಲೇಟಿನ 8 ಮತ್ತು 3 ಅದಲುಬದಲಾಗಿ ಬೇರೆ ಯಾರದೋ ತಪ್ಪು ನಿಮ್ಮ ತಲೆಗೆ ಬರುವುದುಂಟು.

ಅಸಲಿಯಾಗಿದ್ದರೆ ಕಟ್ಟಬೇಕು. ಮೋಟಾರು ವಾಹನ ಕಾಯ್ದೆ ಇಡೀ ದೇಶಕ್ಕೆ ಒಂದೇ. ತಪ್ಪು ಎಲ್ಲಿ ನಡೆಯಿತೋ ಅಲ್ಲಿಯ ದರ ನಿಮಗೆ. ಕೇರಳ 2023ರ ಜೂನ್‌ನಿಂದ ಎಐ ಕ್ಯಾಮೆರಾಗಳ ಮೂಲಕ ದಂಡ ಹಾಕುತ್ತಿದೆ, ಅಲ್ಲಿ ಸೀಟ್ ಬೆಲ್ಟಿಗೆ 500 ರೂಪಾಯಿ. ನಮ್ಮ ಕರ್ನಾಟಕ ಒನ್ ಕೌಂಟರಿನಲ್ಲಿ ಕೇರಳದ ದಂಡ ತೆಗೆದುಕೊಳ್ಳುವುದಿಲ್ಲ, ಪರಿವಾಹನ್‌ನಲ್ಲೇ ಕಟ್ಟಿ.

ಸುಮ್ಮನಿದ್ದರೆ ಚಲನ್ ವರ್ಚುವಲ್ ಕೋರ್ಟಿಗೆ, ಅಂದರೆ ಇಂಥ ಪ್ರಕರಣಗಳನ್ನು ಆನ್‌ಲೈನಿನಲ್ಲೇ ನೋಡುವ ನ್ಯಾಯಾಲಯಕ್ಕೆ ಹೋಗುತ್ತದೆ. ಆಮೇಲೆ ಇ–ಚಲನ್ ತಾಣದಲ್ಲಿ ಹಣ ಕಟ್ಟಲು ಬರುವುದಿಲ್ಲ, ವರ್ಚುವಲ್ ಕೋರ್ಟ್ ತಾಣದಲ್ಲೇ ಹುಡುಕಬೇಕು. ಅಲ್ಲಿ ಜನ ಎಡವುವುದು ಇಲಾಖೆ ಆರಿಸುವಾಗ: ಕೇರಳಕ್ಕೆ ಪೊಲೀಸ್ ಇಲಾಖೆ ಬೇರೆ, ಸಾರಿಗೆ ಇಲಾಖೆ ಬೇರೆ. ಎಐ ಕ್ಯಾಮೆರಾದ್ದು ಸಾರಿಗೆ ಇಲಾಖೆಯದು. ತಪ್ಪಾದ ಇಲಾಖೆ ಆರಿಸಿದರೆ 'ದಾಖಲೆ ಇಲ್ಲ' ಎಂದು ತೋರಿಸುತ್ತದೆ, ಜನ ದಂಡವೇ ಇಲ್ಲವೆಂದು ನಿಶ್ಚಿಂತರಾಗುತ್ತಾರೆ. ಅದು ಗೊತ್ತಾಗುವುದು ಗಾಡಿ ಮಾರುವ ದಿನ ಆರ್‌ಟಿಒದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಸಿಕ್ಕದಿದ್ದಾಗ. 'ತಪ್ಪು ನನ್ನದಲ್ಲ' ಎಂದು ಆಯ್ಕೆ ಮಾಡಿದರೆ ಪ್ರಕರಣ ಅಲ್ಲಿಯ ಸಾಮಾನ್ಯ ನ್ಯಾಯಾಲಯಕ್ಕೆ ಹೋಗುತ್ತದೆ. ಫೋಟೋದಲ್ಲಿರುವುದು ನಿಮ್ಮದೇ ಕಾರಾಗಿದ್ದರೆ 500 ರೂಪಾಯಿಗಾಗಿ ಗಡಿಯಾಚೆಯ ಕೋರ್ಟಿಗೆ ಅಲೆಯುವುದು ದಂಡಕ್ಕಿಂತ ದುಬಾರಿ.

ಇನ್ನೊಂದು ಮಾತು. ಕ್ಯಾಮೆರಾ ಚಲನ್‌ನ ನೋಟಿಸನ್ನು 15 ದಿನದೊಳಗೆ ಕಳಿಸಬೇಕೆಂಬ ನಿಯಮ 2021ರಲ್ಲಿ ಬಂತು. ಆದರೆ ಅದು ಹೋಗುವುದು ಆರ್‌ಸಿಯಲ್ಲಿರುವ ಮೊಬೈಲ್‌ಗೆ. ಸೆಕೆಂಡ್‌ಹ್ಯಾಂಡ್ ಗಾಡಿಯಾದರೆ ಅಲ್ಲಿರುವುದು ಹಳೆಯ ಮಾಲೀಕರ ಅಥವಾ ಏಜೆಂಟರ ನಂಬರೇ ಇರಬಹುದು. ಗಾಡಿ ನೋಂದಣಿಯ ವಾಹನ್ ತಾಣದಲ್ಲಿ ಮೊಬೈಲ್ ನಂಬರ್ ಬದಲಿಸಲು ಹತ್ತು ನಿಮಿಷ ಸಾಕು.

ಪ್ರಶ್ನೆ: ಮಹಾರಾಷ್ಟ್ರದ ಹೆದ್ದಾರಿಯಲ್ಲಿ ಬೈಕ್ ಮೇಲೆ ಮೂವರು ಹೋಗುತ್ತಿದ್ದೆವು. ಪೊಲೀಸರು ಡಿಎಲ್ ಇಟ್ಟುಕೊಂಡು ರಸೀದಿ ಕೊಟ್ಟಿದ್ದಾರೆ. ಡಿಎಲ್ ಕೊಟ್ಟಿದ್ದು ನಮ್ಮ ಚಿಕ್ಕೋಡಿ ಆರ್‌ಟಿಒ, ಅದನ್ನು ಅವರು ಇಟ್ಟುಕೊಳ್ಳಬಹುದೇ? ರಸೀದಿ ತೋರಿಸಿ ಬೈಕ್ ಓಡಿಸಬಹುದೇ? — ನಿಪ್ಪಾಣಿಯ ಓದುಗರು

ಉತ್ತರ: ಇಟ್ಟುಕೊಳ್ಳಬಹುದು. ಡಿಎಲ್ ದೇಶವಿಡೀ ನಡೆಯುತ್ತದೆ ಅಂದಮೇಲೆ ದೇಶದ ಯಾವ ಮೂಲೆಯಲ್ಲೂ ಅದನ್ನು ಜಪ್ತಿ ಮಾಡಬಹುದು. ಎರಡನೆಯ ಪ್ರಶ್ನೆಗೆ ಉತ್ತರ, ಬೇಡ.

ಇಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ ವ್ಯತ್ಯಾಸವಿದೆ. ಡಿಎಲ್ ಹಿಡಿಯುವುದು ಎರಡು ಬಗೆ, ಕಾಯ್ದೆಯ 206ನೇ ಸೆಕ್ಷನ್ನಿನಲ್ಲೇ ಎರಡೂ ಇವೆ. ಚಾಲಕ ಸಮನ್ಸಿಗೆ ಸಿಗದೆ ತಪ್ಪಿಸಿಕೊಳ್ಳಬಹುದೆಂಬ ಅನುಮಾನಕ್ಕೆ ಡಿಎಲ್ ತೆಗೆದುಕೊಂಡರೆ, ಆ ರಸೀದಿಯೇ ತಾತ್ಕಾಲಿಕ ಡಿಎಲ್ ಇದ್ದಂತೆ. ಅದರಲ್ಲಿ ಬರೆದ ದಿನದವರೆಗೆ ಓಡಿಸಬಹುದು. ಆದರೆ 2019ರ ತಿದ್ದುಪಡಿಯಲ್ಲಿ ನಾಲ್ಕನೆಯ ಉಪಸೆಕ್ಷನ್ ಸೇರಿತು. ಅತಿವೇಗ, ಅಪಾಯಕಾರಿ ಚಾಲನೆ, ಕುಡಿದು ಓಡಿಸುವುದು, ಹೆಲ್ಮೆಟ್ ಇಲ್ಲದಿರುವುದು, ಆಂಬ್ಯುಲೆನ್ಸಿಗೆ ದಾರಿ ಬಿಡದಿರುವುದು, ಬೈಕ್ ಮೇಲೆ ಮೂವರು — ಇಂಥವಕ್ಕೆ ಡಿಎಲ್ ಹಿಡಿದರೆ ರಸೀದಿ ಬರೀ ರಸೀದಿ, ಡಿಎಲ್ ವಾಪಸ್ ಬರುವವರೆಗೆ ಓಡಿಸಲು ಅನುಮತಿಯಿಲ್ಲ. ಡಿಜಿಲಾಕರ್‌ನಲ್ಲಿ ಪ್ರತಿ ಇದೆಯಲ್ಲ ಎಂದುಕೊಳ್ಳಬೇಡಿ. ಬೇರೆ ದಿನಗಳಲ್ಲಿ ಅದು ಕಾರ್ಡಿನಷ್ಟೇ ಸಿಂಧು, ಜಪ್ತಿಯಾದ ಡಿಎಲ್‌ಗೆ ಮಾತ್ರ ಅದು ಜೀವ ಕೊಡುವುದಿಲ್ಲ.

ಡಿಎಲ್ ಈಗ ಅಮಾನತಿನ ವಿಚಾರಣೆಗೆ ಆರ್‌ಟಿಒಗೆ ಹೋಗುತ್ತದೆ. ಮೂವರ ಸವಾರಿಗೆ ಕಾಯ್ದೆಯಲ್ಲಿ 1,000 ರೂಪಾಯಿ ದಂಡದ ಜೊತೆ 3 ತಿಂಗಳ ಅಮಾನತಿದೆ. ಆದೇಶಕ್ಕೆ ಮುಂಚೆ ನಿಮ್ಮ ಮಾತು ಕೇಳಲೇಬೇಕು, ಅದಕ್ಕೆ ನೋಟಿಸ್ ಬರುತ್ತದೆ. ಡಿಎಲ್‌ನಲ್ಲಿರುವುದು ಹತ್ತು ವರ್ಷದ ಹಿಂದಿನ ಬಾಡಿಗೆ ಮನೆಯ ವಿಳಾಸವಾದರೆ ನೋಟಿಸ್ ಅಲ್ಲಿಗೇ ಹೋಗಿ, ನಿಮ್ಮ ಗೈರಿನಲ್ಲೇ ತೀರ್ಮಾನವಾಗಬಹುದು. ಆದ್ದರಿಂದ ರಸೀದಿಯಲ್ಲಿ ಯಾವ ಠಾಣೆ, ಯಾವ ಸೆಕ್ಷನ್ ಎಂದು ಓದಿ, ಕಡತ ಯಾವ ಆರ್‌ಟಿಒಗೆ ಹೋಯಿತೆಂದು ನೀವೇ ಕೇಳಿ ತಿಳಿದುಕೊಳ್ಳಿ. ಆದೇಶ ಸರಿಯಿಲ್ಲ ಅನ್ನಿಸಿದರೆ ಕೈಸೇರಿದ 30 ದಿನದೊಳಗೆ ಮೇಲ್ಮನವಿ ಹಾಕಬಹುದು. ಅಮಾನತಿನ ಅವಧಿಯಲ್ಲಿ ಓಡಿಸಿ ಸಿಕ್ಕಿಬಿದ್ದರೆ 10,000 ರೂಪಾಯಿ ದಂಡ, ಜೈಲೂ ಆಗಬಹುದು.

ಪ್ರಶ್ನೆ: ದಿನಾ ಹೊಸೂರಿಗೆ ಕೆಲಸಕ್ಕೆ ಹೋಗುತ್ತೇನೆ. ಹೆಲ್ಮೆಟ್ ಇಲ್ಲದ್ದಕ್ಕೆ ಅಲ್ಲಿ 1,000, ಇಲ್ಲಿ 500 ಏಕೆ? ಕರ್ನಾಟಕದ ಅರ್ಧ ರಿಯಾಯಿತಿ ಆ ದಂಡಕ್ಕೂ ಸಿಗುವುದೇ? — ಅತ್ತಿಬೆಲೆಯ ಓದುಗರು

ಉತ್ತರ: ಕಾಯ್ದೆಯಲ್ಲಿರುವುದು 1,000. ಕೋರ್ಟಿಗೆ ಹೋಗದೆ ಸ್ಥಳದಲ್ಲೇ ಮುಗಿಸುವ ಮೊತ್ತವನ್ನು ಗೊತ್ತುಪಡಿಸುವ ಅಧಿಕಾರ ಆಯಾ ರಾಜ್ಯಕ್ಕಿದೆ. ಕರ್ನಾಟಕ 2019ರಲ್ಲಿ ಇಳಿಸಿತು, ತಮಿಳುನಾಡು ಇಳಿಸಲಿಲ್ಲ. 2023ರಲ್ಲಿ, ಮತ್ತೆ 2025ರಲ್ಲಿ ಕೊಟ್ಟ ಅರ್ಧ ರಿಯಾಯಿತಿ ನಮ್ಮ ರಾಜ್ಯದ ಚಲನ್‌ಗಳಿಗೆ ಮಾತ್ರ. ಹೊಸೂರಿನದಕ್ಕೆ ಪೂರ್ತಿ ಹಣ. ಹೆಲ್ಮೆಟ್ ಅದಕ್ಕಿಂತ ಅಗ್ಗ.

ಪ್ರಶ್ನೆ: ಕಲಬುರಗಿಯಲ್ಲಿ ಮಾಡಿಸಿದ ಹಳೆಯ ಪುಸ್ತಕದ ಡಿಎಲ್ ನನ್ನದು. ಈಗ ಪುಣೆಯಲ್ಲಿದ್ದೇನೆ, ವಯಸ್ಸು 44. ನಾಲ್ಕು ತಿಂಗಳಲ್ಲಿ ಅವಧಿ ಮುಗಿಯುತ್ತದೆ. ಇಲ್ಲೇ ಹೊಸದು ಮಾಡಿಸುವುದು ಸುಲಭ ಎನ್ನುತ್ತಾರೆ. — ಪುಣೆಯ ಕನ್ನಡಿಗರು

ಉತ್ತರ: ಹಾಗೆ ಮಾಡಬೇಡಿ. ಒಬ್ಬರಿಗೆ ಒಂದೇ ಡಿಎಲ್, ಎರಡು ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧ. ರಾಜ್ಯ ಬದಲಾಯಿತೆಂದು ಡಿಎಲ್ ಬದಲಿಸುವ ಅಗತ್ಯವೂ ಇಲ್ಲ. ನವೀಕರಣವನ್ನು ಪುಣೆಯಲ್ಲೇ ಮಾಡಿಸಬಹುದು. ನವೀಕರಿಸಿದ ಕಚೇರಿ ಮೂಲ ಕಚೇರಿಗೆ ತಿಳಿಸಬೇಕೆಂದು ಕಾಯ್ದೆಯಲ್ಲೇ ಇದೆ.

ತೊಡಕಿರುವುದು ಪುಸ್ತಕದಲ್ಲಿ. ಡಿಎಲ್ ದಾಖಲೆಗಳಿರುವ ಸಾರಥಿ ತಾಣದಲ್ಲಿ ನಿಮ್ಮದೂ ಇದೆಯೇ ನೋಡಿ. ಹಳೆಯ ನಂಬರನ್ನು ಹಾಗೇ ಹಾಕಿದರೆ ಸಿಗುವುದಿಲ್ಲ. ಕೆಎ32, ಅದರ ಮುಂದೆ ಡಿಎಲ್ ಕೊಟ್ಟ ವರ್ಷದ 4 ಅಂಕಿ, ಆಮೇಲೆ 7 ಅಂಕಿಯ ನಂಬರ್ — ನಿಮ್ಮದು ನಾಲ್ಕೇ ಅಂಕಿಯಿದ್ದರೆ ಮುಂದೆ ಮೂರು ಸೊನ್ನೆ ಸೇರಿಸಿ. ಆಗಲೂ ಕಾಣದಿದ್ದರೆ ದಾಖಲೆ ಗಣಕಕ್ಕೆ ಏರಿಲ್ಲ ಎಂದರ್ಥ. ಅದನ್ನು ಏರಿಸಬೇಕಾದದ್ದು ಕಲಬುರಗಿ ಆರ್‌ಟಿಒ, ಪುಣೆಯವರ ಕೈಯಲ್ಲಿಲ್ಲ. ಮೂಲ ಪುಸ್ತಕ ಹಿಡಿದು ಒಮ್ಮೆ ಊರಿಗೆ ಹೋಗಿ ಬನ್ನಿ. ಆಮೇಲೆ ಪುಣೆಯ ವಿಳಾಸದ ದಾಖಲೆ, 40 ದಾಟಿರುವುದರಿಂದ ನಮೂನೆ 1ಎಯಲ್ಲಿ ವೈದ್ಯರ ಪ್ರಮಾಣಪತ್ರ ಇಟ್ಟು ಅರ್ಜಿ ಹಾಕಿ. 10 ವರ್ಷಕ್ಕೆ ಸಿಗುತ್ತದೆ.

ಅವಧಿ ಮುಗಿಯುವ ಒಂದು ವರ್ಷ ಮುಂಚೆಯೇ ಅರ್ಜಿ ಹಾಕಬಹುದು, ಮುಗಿದ ಮೇಲೂ ಒಂದು ವರ್ಷದವರೆಗೆ ಪರೀಕ್ಷೆಯಿಲ್ಲದೆ ಆಗುತ್ತದೆ. ಆದರೆ ಮುಗಿದ ಮೇಲೆ ಇದ್ದ 30 ದಿನದ ವಿನಾಯಿತಿ 2019ರಲ್ಲೇ ಹೋಗಿದೆ. ಮರುದಿನ ಓಡಿಸಿದರೂ ಡಿಎಲ್ ಇಲ್ಲದೆ ಓಡಿಸಿದ ಲೆಕ್ಕ. ಅಂದೇ ಅಪಘಾತವಾದರೆ ವಿಮೆ ಕಂಪನಿಗೆ ತಕರಾರಿಗೆ ಅಷ್ಟು ಸಾಕು.

ಪ್ರಶ್ನೆ: ಎರಡು ವರ್ಷದ ಹಿಂದೆ ಹೈದರಾಬಾದಿನವರಿಗೆ ಕಾರು ಮಾರಿದೆ. ತೆಲಂಗಾಣದ ಚಲನ್‌ಗಳು ಈಗಲೂ ನನಗೇ ಬರುತ್ತಿವೆ. — ಬೀದರ್‌ನ ಓದುಗರು

ಉತ್ತರ: ಆರ್‌ಸಿಯಲ್ಲಿ ಹೆಸರು ಯಾರದೋ ಕಾನೂನಿನ ಕಣ್ಣಿಗೆ ಮಾಲೀಕರು ಅವರೇ, ಸುಪ್ರೀಂ ಕೋರ್ಟ್ 2018ರಲ್ಲಿ ಇದನ್ನೇ ಹೇಳಿದೆ. ಚಲನ್ ಚಿಲ್ಲರೆ ವಿಷಯ. ಆ ಕಾರು ಯಾರಿಗಾದರೂ ಗುದ್ದಿ, ವಿಮೆಯೂ ಇಲ್ಲದಿದ್ದರೆ ಪರಿಹಾರದ ಹೊರೆ ನಿಮ್ಮ ಮೇಲೆ ಬರುತ್ತದೆ. ಹೊರರಾಜ್ಯಕ್ಕೆ ಮಾರಿದವರು 45 ದಿನದೊಳಗೆ ಆರ್‌ಟಿಒಗೆ ಎನ್‌ಒಸಿ ಸಮೇತ ವರದಿ ಮಾಡಬೇಕಿತ್ತು. ಈಗಲಾದರೂ ಕೊಂಡವರನ್ನು ಹಿಡಿದು, ಬಾಕಿ ಚಲನ್ ಅವರಿಂದ ಕಟ್ಟಿಸಿ, ನಮೂನೆ 28ರಲ್ಲಿ ಎನ್‌ಒಸಿ, 29 ಮತ್ತು 30ರಲ್ಲಿ ವರ್ಗಾವಣೆಗೆ ಸಹಿ ಮಾಡಿಸಿಕೊಳ್ಳಿ. ಸಾಲವಿದ್ದರೆ ಫೈನಾನ್ಸಿನವರ ಒಪ್ಪಿಗೆಯೂ ಬೇಕು. ಕೊಂಡವರು ಸಿಗದಿದ್ದರೆ, ಮಾರಿದ ಕರಾರು, ಹಣ ಬಂದ ಬ್ಯಾಂಕ್ ದಾಖಲೆ, ಗಾಡಿ ಕೊಟ್ಟ ದಿನ ಮತ್ತು ಹೊತ್ತು ಬರೆದ ಚೀಟಿ ಸೇರಿಸಿ ಬೀದರ್ ಆರ್‌ಟಿಒಗೂ ಚಲನ್ ಹಾಕಿದ ಪೊಲೀಸರಿಗೂ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ. ಗಾಡಿ ಓಡಿಸಿದವರು ಯಾರೆಂದು ಪೊಲೀಸರು ಕೇಳಿದಾಗ ತಿಳಿಸುವುದು ಮಾಲೀಕರ ಕರ್ತವ್ಯ, ಆಗ ಈ ಕಾಗದಗಳೇ ನಿಮ್ಮ ಉತ್ತರ.

ಪ್ರಶ್ನೆ: ಮಗ ಅಮೆರಿಕದ ನ್ಯೂಜೆರ್ಸಿಯಲ್ಲಿದ್ದಾನೆ. ವರ್ಜೀನಿಯಾಗೆ ಹೋದಾಗ ವೇಗಕ್ಕೆ ಟಿಕೆಟ್ ಸಿಕ್ಕಿದೆ. ಬೇರೆ ರಾಜ್ಯದ್ದಲ್ಲವೇ, ಬಿಡು ಎನ್ನುತ್ತಿದ್ದಾರಂತೆ ಗೆಳೆಯರು. — ಮೈಸೂರಿನ ಓದುಗರು

ಉತ್ತರ: ಗೆಳೆಯರ ಮಾತು ಕೇಳದಿರಲಿ. ಅಲ್ಲಿ ಡಿಎಲ್ ಕೊಡುವುದು ರಾಜ್ಯ. ರಾಜ್ಯ ಬದಲಿಸಿದರೆ ಡಿಎಲ್ಲನ್ನೂ ಬದಲಿಸಬೇಕು, ನ್ಯೂಜೆರ್ಸಿಗೆ ಬಂದವರಿಗೆ 60 ದಿನ ಗಡುವು. ಆದರೆ ರಾಜ್ಯಗಳ ನಡುವೆ ಎರಡು ಒಪ್ಪಂದಗಳಿವೆ. ಒಂದರ ಪ್ರಕಾರ ತಪ್ಪಿನ ವರದಿ ಡಿಎಲ್ ಕೊಟ್ಟ ರಾಜ್ಯಕ್ಕೆ ಹೋಗುತ್ತದೆ. ಇನ್ನೊಂದರ ಪ್ರಕಾರ ಟಿಕೆಟ್ಟಿಗೆ ಉತ್ತರಿಸದವರ ಡಿಎಲ್ಲನ್ನು ಅವರ ರಾಜ್ಯವೇ ಅಮಾನತಿನಲ್ಲಿಡುತ್ತದೆ. ಮಿಷಿಗನ್, ವಿಸ್ಕಾನ್ಸಿನ್ ಎರಡರಲ್ಲೂ ಇಲ್ಲ. ನ್ಯೂಜೆರ್ಸಿ, ವರ್ಜೀನಿಯಾ ಎರಡರಲ್ಲೂ ಇವೆ. ಹೊರರಾಜ್ಯದ ಚಾಲನಾ ತಪ್ಪಿಗೆ ನ್ಯೂಜೆರ್ಸಿ ಚಾಲಕರ ದಾಖಲೆಯಲ್ಲಿ 2 ತಪ್ಪಿನ ಪಾಯಿಂಟ್ ಹಾಕುತ್ತದೆ.

ಟಿಕೆಟ್ಟಿನಲ್ಲಿ ಬರೆದ ಸೆಕ್ಷನ್ ಮೊದಲು ನೋಡಲಿ. ವರ್ಜೀನಿಯಾದಲ್ಲಿ ಮಿತಿಗಿಂತ ಗಂಟೆಗೆ 20 ಮೈಲಿ ಹೆಚ್ಚು ಹೋದರೆ, ಅಥವಾ ಮಿತಿ ಎಷ್ಟೇ ಇರಲಿ 85 ಮೈಲಿ ದಾಟಿದರೆ, ಅದು ಬರೀ ದಂಡದ ವಿಷಯವಲ್ಲ, ಕ್ರಿಮಿನಲ್ ಪ್ರಕರಣ. ಸೆಕ್ಷನ್ 46.2–862 ಎಂದಿದ್ದರೆ ಅದೇ. ಸಾಬೀತಾದರೆ 12 ತಿಂಗಳವರೆಗೆ ಜೈಲು, 2,500 ಡಾಲರ್‌ವರೆಗೆ ದಂಡ ಹಾಕಲು ಅವಕಾಶವಿದೆ, ಮುಂದೆ ವೀಸಾ ಅರ್ಜಿಯಲ್ಲೂ ಬರೆಯಬೇಕಾಗುತ್ತದೆ. ಹಾಗಿದ್ದರೆ ಆನ್‌ಲೈನ್‌ನಲ್ಲಿ ಕಟ್ಟಿ ಮುಗಿಸುವ ದಾರಿ ಹುಡುಕದೆ, ಕೋರ್ಟಿನ ದಿನಾಂಕಕ್ಕೆ ಮುಂಚೆ ಆ ಕೌಂಟಿಯ ಟ್ರಾಫಿಕ್ ವಕೀಲರನ್ನು ಕಾಣಲಿ.