ಸುಮ್ನೆ ಇಟ್ಟಿದ್ದರೂ ಲಿನಕ್ಸ್ ಫೋನ್ ಬಿಸಿಯಾಗಿ ಬ್ಯಾಟರಿ ಇಳಿಯುತ್ತಿದೆ. ಯಾವ ಪ್ರೋಸೆಸ್ (ಓಡುತ್ತಿರುವ ಪ್ರೋಗ್ರಾಂ) ಕಾರಣ ಅಂತ ಹಿಡಿಯುವುದು ಹೇಗೆ?

ಫೋನಿನ ಪರದೆಯಲ್ಲೇ ಒದ್ದಾಡಬೇಡಿ, ಸಿಪಿಯುಗೆ ಬಿಡುವಿಲ್ಲದಾಗ ಕೀಬೋರ್ಡ್ ಕೂಡ ಸತಾಯಿಸುತ್ತದೆ. ಲ್ಯಾಪ್‌ಟಾಪಿನಿಂದ ಎಸ್‌ಎಸ್‌ಎಚ್ (ದೂರದಿಂದ ಲಾಗಿನ್ ಆಗುವ ದಾರಿ) ಮೂಲಕ ಒಳಹೋಗಿ, ಪ್ರೋಸೆಸ್‌ಗಳ ಪಟ್ಟಿ ತೋರಿಸುವ 'ಟಾಪ್' (top) ಕಮಾಂಡ್ ಓಡಿಸಿ, ದೊಡ್ಡಕ್ಷರದ 'ಪಿ' ಒತ್ತಿ. ಸಿಪಿಯು ಜಾಸ್ತಿ ತಿನ್ನುತ್ತಿರುವುದು ಮೇಲಕ್ಕೆ ಬರುತ್ತದೆ. ಅಲ್ಲಿ ಸಾಮಾನ್ಯವಾಗಿ 100% ಅಂದರೆ ಒಂದು ಕೋರ್ ಪೂರ್ತಿ ಅಂತ, ಇಡೀ ಚಿಪ್ ಅಲ್ಲ.

ಆಮೇಲೆ ಪ್ರೋಸೆಸ್ ಯಾವ ಸ್ಥಿತಿಯಲ್ಲಿದೆ ಅಂತ ಹೇಳುವ 'ಎಸ್' (S) ಕಾಲಂ ನೋಡಿ. ಇದನ್ನು ತುಂಬಾ ಜನ ನೋಡೋದೇ ಇಲ್ಲ. 'ಆರ್' ಇದ್ದರೆ ಪ್ರೋಸೆಸ್ ನಿಜಕ್ಕೂ ಓಡುತ್ತಿದೆ. ಮೊದಲು ಅದರ ಪಿಐಡಿಗೆ (ಪ್ರೋಸೆಸ್‌ನ ಗುರುತಿನ ಸಂಖ್ಯೆ) ಬರೀ 'ಕಿಲ್' (kill) ಕೊಡಿ, ಫೈಲು ಮುಚ್ಚಿಕೊಂಡು ಹೋಗಲಿ. ಬಗ್ಗದಿದ್ದರೆ ಮಾತ್ರ 'ಕಿಲ್ -9'. 'ಡಿ' ಅಂತಲೇ ನಿಂತಿದ್ದರೆ ಅದಕ್ಕೂ ಜಗ್ಗುವುದಿಲ್ಲ, ಯಾಕಂದ್ರೆ ಅದು ಸಾಮಾನ್ಯವಾಗಿ ಡಿಸ್ಕಿಗಾಗಿ ಕಾಯುತ್ತಾ ಕೂತಿದೆ. ಆಗ ಸಿಪಿಯು ಖಾಲಿ ಇದ್ದರೂ ಲೋಡ್ ಆವರೇಜ್ (ಓಡುತ್ತಿರುವ, ಹೀಗೆ ಕಾಯುತ್ತಿರುವ ಪ್ರೋಸೆಸ್‌ಗಳ ಸರಾಸರಿ ಲೆಕ್ಕ) ಏರಿರುತ್ತದೆ. ಕರ್ನಲ್ ಲಾಗ್ (ಲಿನಕ್ಸ್‌ನ ತಿರುಳು ಬರೆದಿಡುವ ದಾಖಲೆ) ತೆಗೆದು ನೋಡಿ, ಕಳ್ಳ ಮೆಮೊರಿ ಕಾರ್ಡೇ ಇರಬಹುದು.

ಕೊಂದ ಕೂಡಲೇ ಹೊಸ ಪಿಐಡಿಯಲ್ಲಿ ಎದ್ದು ಬಂತಾ? ಹಿಂದೆ ಸಿಸ್ಟಮ್‌ಡಿ (ಹಿನ್ನೆಲೆಯ ಸರ್ವಿಸ್‌ಗಳನ್ನು ಶುರು ಮಾಡಿ ನೋಡಿಕೊಳ್ಳುವ ಪ್ರೋಗ್ರಾಂ) ಇರಬಹುದು. 'ಸಿಸ್ಟಮ್‌ಸಿಟಿಎಲ್ ಸ್ಟೇಟಸ್' (systemctl status) ಮುಂದೆ ಆ ಪಿಐಡಿ ಕೊಟ್ಟರೆ ಯಾವ ಸರ್ವಿಸಿನದು ಅಂತ ಗೊತ್ತಾಗುತ್ತದೆ. ಆ ಸರ್ವಿಸನ್ನೇ ನಿಲ್ಲಿಸಿ, ಅದರ ಜರ್ನಲ್ (ಲಾಗ್) ಓದಿ. ಟ್ರ್ಯಾಕರ್‌ನಂಥ ಫೈಲ್ ಇಂಡೆಕ್ಸರ್ (ಹುಡುಕಾಟಕ್ಕೆಂದು ಫೈಲುಗಳ ಪಟ್ಟಿ ಮಾಡುವ ಪ್ರೋಗ್ರಾಂ) ಆಗಿದ್ದರೆ, ಅರ್ಧಂಬರ್ಧ ಕಾಪಿಯಾದ ಯಾವುದೋ ವಿಡಿಯೊದಲ್ಲಿ ಸಿಕ್ಕಿಕೊಂಡಿದೆಯಾ ನೋಡಿ. ಹಾಗಿದ್ದರೆ ಆ ಫೈಲ್ ಅಳಿಸಿ ಸರ್ವಿಸನ್ನು ಮತ್ತೆ ಶುರು ಮಾಡಿ.