ಎಪಿಪಿ ಆಗಬೇಕಾ? ಪರೀಕ್ಷೆಗೂ ಮುಂಚಿನ ಮೂರು ವರ್ಷ ನೋಡಿಕೊಳ್ಳಿ

ಪ್ರಶ್ನೆ: ಈ ವರ್ಷ ಎಲ್‌ಎಲ್‌ಬಿ ಮುಗಿಸಿದ್ದೇನೆ. ಊರು ಮದ್ದೂರು ಹತ್ತಿರ, ಅಪ್ಪ ಕಬ್ಬು ಬೆಳೆಯುತ್ತಾರೆ. ಮನೆಯಿಂದ ದುಡ್ಡು ಕೇಳಲು ಸಂಕೋಚ. ಸರ್ಕಾರಿ ವಕೀಲೆ ಆಗಬೇಕು ಅಂತ ಆಸೆ. ಈಗಲೇ ಅರ್ಜಿ ಹಾಕಬಹುದಾ? ವಶೀಲಿ ಇಲ್ಲದೆ ಈ ಕೆಲಸ ಸಿಗಲ್ಲ ಅಂತ ಎಲ್ಲರೂ ಹೇಳುತ್ತಾರೆ, ನಿಜವಾ?

ವಶೀಲಿ ಮಾತು ಮೊದಲು. ನೀವು ಕೇಳುತ್ತಿರುವ ಹುದ್ದೆ ಕ್ರಿಮಿನಲ್ ಕೇಸುಗಳಲ್ಲಿ ಸರ್ಕಾರದ ಪರ ವಾದಿಸುವ ಸಹಾಯಕ ಸರ್ಕಾರಿ ಅಭಿಯೋಜಕರದ್ದು, ಕೋರ್ಟಿನಲ್ಲಿ ಎಲ್ಲರೂ ಎಪಿಪಿ ಅನ್ನುವುದು. ಇದನ್ನು ಪರೀಕ್ಷೆ ಮೂಲಕ ತುಂಬುತ್ತಾರೆ. ಪೂರ್ವಭಾವಿ ಪರೀಕ್ಷೆ, ಮುಖ್ಯ ಪರೀಕ್ಷೆ, ಕೊನೆಗೆ ಸಂದರ್ಶನ. ಯಾರಾದರೂ ‘ಇಷ್ಟು ಕೊಟ್ಟರೆ ಮಾಡಿಸಿಕೊಡ್ತೀನಿ’ ಅಂತ ಬಂದರೆ ಮನೆಯ ಹೊಸ್ತಿಲು ದಾಟಿಸಬೇಡಿ. ಕಬ್ಬಿನ ದುಡ್ಡು ಅಂಥವರ ಕೈಗೆ ಹೋಗಬಾರದು.

ಆದರೆ ಈಗಲೇ ಅರ್ಜಿ ಹಾಕಲು ಆಗುವುದಿಲ್ಲ. ಈ ಹುದ್ದೆಗೆ ಕಾನೂನು ಪದವಿಯ ಜೊತೆಗೆ ಕನಿಷ್ಠ 3 ವರ್ಷ ವಕೀಲಿಕೆ ಮಾಡಿರಬೇಕು. ಅದನ್ನು ಅರ್ಜಿ ಹಾಕುವ ಕೊನೆಯ ದಿನಕ್ಕೆ ಲೆಕ್ಕ ಹಾಕುತ್ತಾರೆ, ಪರೀಕ್ಷೆಯ ದಿನಕ್ಕಲ್ಲ. ನೋಟಿಫಿಕೇಶನ್ ಪ್ರತಿ ವರ್ಷ ಬರುವುದೂ ಇಲ್ಲ. ಬಂದಾಗ ನಿಮ್ಮದು ಒಂದು ತಿಂಗಳು ಕಮ್ಮಿ ಬಿದ್ದರೆ, ಮತ್ತೆ ಕೆಲವು ವರ್ಷ ಕಾಯಬೇಕಾಗಬಹುದು. ಹಾಗಾಗಿ ಫಲಿತಾಂಶ ಬಂದ ಕೂಡಲೇ ರಾಜ್ಯ ಬಾರ್ ಕೌನ್ಸಿಲ್‌ನಲ್ಲಿ ವಕೀಲರಾಗಿ ಎನ್ರೋಲ್ ಆಗಿ. ‘ಸ್ವಲ್ಪ ದಿನ ಕೋಚಿಂಗ್ ಮುಗಿಸಿ ಆಮೇಲೆ ಸನ್ನದು ತಗೋತೀನಿ’ ಅನ್ನುವುದು ಬೇಡ. ಎನ್ರೋಲ್‌ಮೆಂಟ್ ಫೀಸಿನ ಬಗ್ಗೆಯೂ ಜಾಸ್ತಿ ಯೋಚನೆ ಬೇಡ. ಸಾಮಾನ್ಯ ವರ್ಗಕ್ಕೆ 750 ರೂಪಾಯಿ, ಪರಿಶಿಷ್ಟರಿಗೆ 125 ರೂಪಾಯಿ ಮೀರಿ ಬಾರ್ ಕೌನ್ಸಿಲ್‌ಗಳು ತೆಗೆದುಕೊಳ್ಳುವಂತಿಲ್ಲ ಅಂತ 2024ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದರ ಬೆನ್ನಿಗೇ ಅಖಿಲ ಭಾರತ ಬಾರ್ ಪರೀಕ್ಷೆಯನ್ನೂ ಪಾಸು ಮಾಡಿಕೊಳ್ಳಿ.

ಇನ್ನು ಆ 3 ವರ್ಷ ಏನು ಮಾಡುತ್ತೀರಿ? ಆಯ್ಕೆ ಅರ್ಧ ಅಲ್ಲೇ ನಿರ್ಧಾರ ಆಗುತ್ತದೆ ಅನ್ನುವುದು ನನ್ನ ಅಭಿಪ್ರಾಯ. ತುಂಬಾ ಜನ ಹೆಸರಿಗೆ ಸನ್ನದು ಇಟ್ಟುಕೊಂಡು ರೂಮಿನಲ್ಲಿ ಕೂತು ಓದುತ್ತಾರೆ. ಇನ್ನು ಕೆಲವರು ದಿನಾ ಕೋರ್ಟಿಗೆ ಬರುತ್ತಾರೆ, ಆದರೆ ಬರೀ ಚೆಕ್ ಬೌನ್ಸ್ ಕೇಸು ನೋಡುತ್ತಾರೆ. ಚೆಕ್ ಬೌನ್ಸ್ ಖಾಸಗಿ ದೂರು, ಅದರಲ್ಲಿ ಎಪಿಪಿಗೆ ಕೆಲಸವೇ ಇಲ್ಲ. ನೀವು ಕಲಿಯಬೇಕಾದದ್ದು ಪೊಲೀಸರು ಚಾರ್ಜ್‌ಶೀಟ್ ಹಾಕಿದ ಕೇಸುಗಳಲ್ಲಿದೆ. ಕಳವು, ಹೊಡೆದಾಟ, ಅಪಘಾತ, ಅಬಕಾರಿ, ಇಂಥವು.

ಮದ್ದೂರಿನ ಜೆಎಂಎಫ್‌ಸಿ (ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್) ಕೋರ್ಟಿನಲ್ಲೇ ಒಂದು ಬೆಳಿಗ್ಗೆ ಹಿಂದಿನ ಬೆಂಚಿನಲ್ಲಿ ಕೂತು ನೋಡಿ. ಬೈಕ್ ಕಳವಿನ ಕೇಸು ಅಂದುಕೊಳ್ಳಿ. ಮಹಜರಿಗೆ, ಅಂದರೆ ಬೈಕ್ ವಶಪಡಿಸಿಕೊಂಡಾಗ ಪೊಲೀಸರು ಬರೆದ ದಾಖಲೆಗೆ, ಸಾಕ್ಷಿಯಾಗಿ ಸಹಿ ಹಾಕಿದ ಪಂಚ ಕಟಕಟೆಗೆ ಬರುತ್ತಾನೆ. ಮಹಜರು ತೋರಿಸಿದರೆ ‘ಸೈನ್ ನಂದೇ ಸ್ವಾಮಿ. ಸ್ಟೇಷನ್ನಿಗೆ ಕರ್ಸಿ ಹಾಕುಸ್ಕೊಂಡ್ರು. ಬೈಕು ಗೀಕು ನಾನು ನೋಡಿಲ್ಲ’ ಅನ್ನುತ್ತಾನೆ. ಸಾಕ್ಷಿ ತಿರುಗಿಬಿದ್ದ. ಈಗ ಎಪಿಪಿ ಏನು ಮಾಡಬೇಕು? ತಮ್ಮದೇ ಸಾಕ್ಷಿಯನ್ನು ಪಾಟೀಸವಾಲು ಮಾಡಲು ಮ್ಯಾಜಿಸ್ಟ್ರೇಟರ ಅನುಮತಿ ಕೇಳಬೇಕು. ಮಹಜರಿನ ಜಾಗ, ಹೊತ್ತು, ಬೈಕಿನ ನಂಬರು ಒಂದೊಂದಾಗಿ ಮುಂದಿಡಬೇಕು. ಆರೋಪಿಯೂ ನೀನೂ ಒಂದೇ ಊರಿನವರು ತಾನೇ ಅಂತ ಕೇಳಬೇಕು. ತಿರುಗಿಬಿದ್ದ ಅನ್ನುವ ಕಾರಣಕ್ಕೇ ಅವನ ಸಾಕ್ಷ್ಯವೆಲ್ಲ ಕಸವಾಗುವುದಿಲ್ಲ, ಸಹಿ ತನ್ನದೇ ಅಂದದ್ದು ಉಳಿಯುತ್ತದೆ. ಅದನ್ನು ಹಿಡಿದುಕೊಂಡು ಮುಂದೆ ತನಿಖಾಧಿಕಾರಿಯ ಮುಖ್ಯ ವಿಚಾರಣೆಯನ್ನು (ತಮ್ಮ ಸಾಕ್ಷಿಗೆ ತಾವೇ ಮೊದಲು ಕೇಳುವ ಪ್ರಶ್ನೆಗಳನ್ನು) ಕಟ್ಟಬೇಕು. ಅಷ್ಟೂ ಕೆಲವು ನಿಮಿಷದಲ್ಲಿ ನಡೆದುಹೋಗುತ್ತದೆ. ಇದನ್ನು ಹತ್ತಿರದಿಂದ ನೋಡಿದವರ ಉತ್ತರ ಮುಖ್ಯ ಪರೀಕ್ಷೆಯಲ್ಲಿ ಬೇರೆ ಥರವೇ ಇರುತ್ತದೆ. ಸಂದರ್ಶನದಲ್ಲಂತೂ ಗೈಡ್ ಓದಿ ಬಂದವರು ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತಾರೆ.

ಓದುವ ವಿಷಯದಲ್ಲಿ ಒಂದು ಮಾತು. ಭಾರತೀಯ ನ್ಯಾಯ ಸಂಹಿತೆ, ನಾಗರಿಕ ಸುರಕ್ಷಾ ಸಂಹಿತೆ, ಸಾಕ್ಷ್ಯ ಅಧಿನಿಯಮ 2024ರ ಜುಲೈ 1ರಿಂದ ಜಾರಿಯಲ್ಲಿವೆ. ಹಾಗಂತ ಹಳೆಯ ದಂಡ ಸಂಹಿತೆ ಐಪಿಸಿಯ ಪುಸ್ತಕ ರದ್ದಿಗೆ ಹಾಕಬೇಡಿ. ಅದಕ್ಕೂ ಮುಂಚೆ ನಡೆದ ಅಪರಾಧಗಳಿಗೆ ಐಪಿಸಿಯೇ ಅನ್ವಯ, ಆ ಕೇಸುಗಳು ಇನ್ನೂ ವರ್ಷಗಟ್ಟಲೆ ನಡೆಯುತ್ತವೆ. ಎರಡೂ ಕಾನೂನಿನ ಕಲಂಗಳನ್ನು ಪಕ್ಕಪಕ್ಕ ಬರೆದುಕೊಂಡು ಓದಿ.

ಮನೆಯಿಂದ ದುಡ್ಡು ಕೇಳಲು ಸಂಕೋಚ ಅಂತಲೂ ಬರೆದಿದ್ದೀರಿ. ಸಮಾಜ ಕಲ್ಯಾಣ ಇಲಾಖೆ ಮತ್ತು ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆ ಹೊಸ ಕಾನೂನು ಪದವೀಧರರಿಗೆ ತರಬೇತಿ ಭತ್ಯೆ ಕೊಡುತ್ತವೆ. ಮಂಡ್ಯದ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿ. ಇನ್ನೊಂದು ದಾರಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ್ದು. ಅಲ್ಲಿನ ಸಹಾಯಕ ಕಾನೂನು ನೆರವು ಅಭಿರಕ್ಷಕರ ಹುದ್ದೆಗೆ ಹೊಸ ವಕೀಲರನ್ನೂ ತೆಗೆದುಕೊಳ್ಳುತ್ತಾರೆ. ಕೆಲಸ ಆರೋಪಿ ಪರ, ಗುತ್ತಿಗೆ ಮೇಲೆ. ಆದರೂ ಕಲಿಕೆ ಅದೇ ಕ್ರಿಮಿನಲ್ ಕಾನೂನು, ತಿಂಗಳಿಗೊಂದು ಸಂಬಳವೂ ಬರುತ್ತದೆ. ಎದುರು ಪಕ್ಷದಲ್ಲಿ ನಿಂತು ನೋಡಿದವರಿಗೆ ಚಾರ್ಜ್‌ಶೀಟಿನ ತೂತುಗಳು ಬೇಗ ಕಾಣುತ್ತವೆ.

ಪ್ರಶ್ನೆ: ಮೈಸೂರಿನಲ್ಲಿ ಒಬ್ಬರು ಸೀನಿಯರ್ ಬಳಿ ಮೂರು ವರ್ಷದಿಂದ ಇದ್ದೇನೆ. ದಿನಾ ಕೋರ್ಟಿಗೆ ಹೋಗುತ್ತೇನೆ. ಆದರೆ ವಕಾಲತ್ತಿನಲ್ಲಿ (ಕಕ್ಷಿದಾರರು ವಕೀಲರಿಗೆ ಕೊಡುವ ಅಧಿಕಾರಪತ್ರ) ನನ್ನ ಹೆಸರೇ ಇಲ್ಲ. ಎಪಿಪಿ ಪರೀಕ್ಷೆಗೆ ನನ್ನ ವಕೀಲಿಕೆಯನ್ನು ಹೇಗೆ ತೋರಿಸಲಿ?

ಓದಿ ಬೇಜಾರಾಯಿತು. ಕಿರಿಯರಿಂದ ಕೆಲಸ ಮಾಡಿಸಿಕೊಂಡು ವಕಾಲತ್ತಿನಲ್ಲಿ ಒಂದು ಸಾಲು ಹೆಸರು ಬರೆಯದಿರುವುದು ಅನ್ಯಾಯ. ಅದಕ್ಕೆ ಸೀನಿಯರಿಗೆ ಏನೂ ಖರ್ಚಿಲ್ಲ. ನೇರವಾಗಿ ಕೇಳಿ: ‘ಸರ್, ಎಪಿಪಿ ಪರೀಕ್ಷೆಗೆ ಬೇಕಾಗುತ್ತೆ. ಇನ್ನು ಮುಂದೆ ನಿಮ್ಮ ಹೆಸರಿನ ಕೆಳಗೆ ನನ್ನ ಹೆಸರೂ ಹಾಕ್ತೀನಿ.’ ಮರ್ಯಾದೆಯಿಂದ ಕೇಳಿದರೆ ಬಹಳ ಜನ ಒಪ್ಪುತ್ತಾರೆ. ಒಪ್ಪದಿದ್ದರೆ ಆಫೀಸು ಬದಲಿಸುವುದೇ ಒಳ್ಳೆಯದು.

ಹಿಂದಿನದ್ದಕ್ಕೆ ದಾಖಲೆ ಹುಡುಕಿ. ನೀವು ಹಾಜರಾದ ದಿನ ಆರ್ಡರ್ ಶೀಟಿನಲ್ಲಿ ನಿಮ್ಮ ಹೆಸರು ಬಂದಿರಬಹುದು. ಸಾಕ್ಷಿ ಹೇಳಿಕೆಯಲ್ಲಿ ಪಾಟೀಸವಾಲು ಯಾರಿಂದ ಅಂತ ಬರೆದಿರುತ್ತಾರೆ. ನೀವು ಸಹಿ ಮಾಡಿದ ಮೆಮೊ, ಜಾಮೀನು ಅರ್ಜಿ ಇದ್ದೇ ಇರುತ್ತವೆ. ಅವುಗಳ ದೃಢೀಕೃತ ನಕಲು ತೆಗೆಸಿಡಿ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ವಕೀಲರ ಹೆಸರು ಹಾಕಿ ಕೇಸು ಹುಡುಕಬಹುದು, ನಿಮ್ಮ ಹೆಸರಿಗೆ ಏನು ಬರುತ್ತದೆ ಅಂತ ಇವತ್ತೇ ನೋಡಿ.

ಇದು ಎಪಿಪಿಗೆ ಮಾತ್ರ ಬೇಕಾದದ್ದಲ್ಲ. ಸಿವಿಲ್ ನ್ಯಾಯಾಧೀಶರ ಪರೀಕ್ಷೆಗೂ 3 ವರ್ಷದ ವಕೀಲಿಕೆ ಬೇಕು ಅಂತ 2025ರ ಮೇ 20ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಅದಕ್ಕೆ 10 ವರ್ಷ ಅನುಭವ ಇರುವ ವಕೀಲರ ಪ್ರಮಾಣಪತ್ರ, ಅದರ ಮೇಲೆ ನ್ಯಾಯಾಂಗ ಅಧಿಕಾರಿಯ ದೃಢೀಕರಣ ಬೇಕು. ನಿಮ್ಮನ್ನು ಕೋರ್ಟಿನಲ್ಲಿ ಕಂಡೇ ಇರದ ನ್ಯಾಯಾಧೀಶರು ಸಹಿ ಹಾಕುವಾಗ ಎರಡು ಸಲ ಯೋಚಿಸುತ್ತಾರೆ, ಅಲ್ವಾ?

ಗ್ರಾಮೀಣ ಅಥವಾ ಕನ್ನಡ ಮಾಧ್ಯಮ ಮೀಸಲಾತಿ ಕೇಳುವುದಿದ್ದರೆ 1ರಿಂದ 10ನೇ ತರಗತಿವರೆಗಿನ ಪ್ರಮಾಣಪತ್ರಗಳನ್ನು ನಿಗದಿತ ನಮೂನೆಯಲ್ಲೇ ಮಾಡಿಸಿ. ಗ್ರಾಮೀಣದ್ದಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಮೇಲುಸಹಿಯೂ ಆಗಬೇಕು. ಕೊನೆಯ ವಾರ ಓಡಾಡಿದರೆ ಆಗುವ ಕೆಲಸ ಅಲ್ಲ ಇದು.

ಪ್ರಶ್ನೆ: ಶ್ರೀರಂಗಪಟ್ಟಣದಲ್ಲಿ ಎಂಟು ವರ್ಷದಿಂದ ವಕೀಲಿಕೆ ಮಾಡುತ್ತಿದ್ದೇನೆ. ಜಿಲ್ಲಾ ಸರ್ಕಾರಿ ವಕೀಲರ ಹುದ್ದೆಗೂ ಪರೀಕ್ಷೆ ಇದೆಯಾ?

ಇಲ್ಲ. ಅದು ನೇಮಕ, 1977ರ ಕರ್ನಾಟಕ ಕಾನೂನು ಅಧಿಕಾರಿಗಳ ನಿಯಮಗಳ ಪ್ರಕಾರ ಸರ್ಕಾರ ಮಾಡುತ್ತದೆ. ಅವಧಿಗೆ ಮಾತ್ರ ಇರುವ ಹುದ್ದೆ, ಎಪಿಪಿಯ ಹಾಗೆ ಖಾಯಂ ನೌಕರಿ ಅಲ್ಲ. ಸೆಷನ್ಸ್ ಕೋರ್ಟಿನ ಸರ್ಕಾರಿ ಅಭಿಯೋಜಕರಾಗಲು ಕನಿಷ್ಠ 7 ವರ್ಷ ವಕೀಲಿಕೆ ಬೇಕು, ಅದು ನಿಮಗಿದೆ. ಆದರೆ ವಯಸ್ಸು ಮೀರಿಲ್ಲದಿದ್ದರೆ ಎಪಿಪಿ ಪರೀಕ್ಷೆ ಬಿಡಬೇಡಿ. ಎಪಿಪಿ ಆದರೆ ಮುಂದೆ ಜಿಲ್ಲಾ ನ್ಯಾಯಾಧೀಶರ ಹುದ್ದೆಗೆ ದಾರಿ ಮುಚ್ಚುತ್ತದೆ ಅನ್ನುವ ಭಯವೂ ಬೇಡ. ಕೋರ್ಟಿನಲ್ಲಿ ಸರ್ಕಾರದ ಪರ ವಾದ ಮಾಡುವ ಅಭಿಯೋಜಕರು ವಕೀಲರಾಗಿಯೇ ಉಳಿಯುತ್ತಾರೆ ಅಂತ ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ.